ಅಮ್ಮಿಗೆ ಓದಿ ಹೇಳಿದ ಸಿನಿಮಾಗಳು

ನಮ್ಮ ಮನೆಗೆ ಡಿವಿಡಿ ಪ್ಲೇಯರ್ ಬಂದದ್ದು 2004ರಲ್ಲಿ, ರಂಜಾನ್ ಹಬ್ಬ ಕಳೆದ ಮೇಲೆ. ಅಬ್ಬಾ ಇದ್ದಿದ್ದರೆ ಅದು ಬರುತ್ತಿರಲಿಲ್ಲ. ಟಿ.ವಿ.ಯನ್ನೇ ಅವರು ಶೈತಾನನ ಡಬ್ಬಿ ಎನ್ನುತ್ತಿದ್ದರು. ಕ್ರಿಕೆಟ್ ಇದ್ದ ದಿನ ಮಾತ್ರ ಶೈತಾನ ಡಬ್ಬಿಯಿಂದ ಎದ್ದು ಎಲ್ಲಿಗೋ ಹೋಗಿರುತ್ತಿದ್ದ. ಅಬ್ಬಾ ತೀರಿಕೊಂಡು ಆಗ ಎರಡು ವರ್ಷ. ನಾನು ನಮ್ಮೂರಿನ ಶಾಲೆಯಲ್ಲೇ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ. ಬಾಕಿ ಸಂಬಳ ಒಟ್ಟಿಗೆ ಕೈಗೆ ಬಂದಾಗ, ಬೆಂಗಳೂರಿನಲ್ಲಿದ್ದ ಗೆಳತಿಯೊಬ್ಬಳಿಂದ ಪ್ಲೇಯರನ್ನೂ ಅದರ ಜೊತೆಗೆ ಒಂದು ಚೀಲ ಡಿಸ್ಕುಗಳನ್ನೂ ತರಿಸಿದೆ. ಕಥೆ ಬರೆಯುವ ಹುಚ್ಚು ಹತ್ತಿದ್ದ ಕಾಲ ಅದು. ಕಥೆ ಬರೆಯುವವರು ಹೊರದೇಶದ ಒಳ್ಳೆಯ ಚಿತ್ರಗಳನ್ನು ನೋಡಬೇಕು ಎಂದು ಯಾರೋ ದೊಡ್ಡವರು ಹೇಳಿದ್ದರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ಜನರಿಗೆ ಜಪಾನಿನ, ಇಟಲಿಯ ಚಿತ್ರ ತೋರಿಸಿದ ಕಥೆ ಕೇಳಿದ್ದೆ. ಅಲ್ಲಿಯವರು ನೋಡಬಹುದಾದರೆ ನಮ್ಮ ಬಯಲುಸೀಮೆಯವರಿಗೆ ಏನು ಬಂದಿದೆ ರೋಗ?

ನೋಡುವವರು ಎಂದರೆ ಮನೆಯಲ್ಲಿ ಇಬ್ಬರೇ. ನಾನು ಮತ್ತು ಅಮ್ಮಿ.

ಅಮ್ಮಿಯ ಸಿನಿಮಾ ಚರಿತ್ರೆ ತುಂಬ ಚಿಕ್ಕದು. ಮದುವೆಗೆ ಮುಂಚೆ ನಾನಿಯ ಜೊತೆ, ಸುತ್ತ ಸೀರೆ ಕಟ್ಟಿದ ಎತ್ತಿನ ಗಾಡಿಯಲ್ಲಿ ಕೂತು ಹೋಗಿ ಟೂರಿಂಗ್ ಟಾಕೀಸಿನಲ್ಲಿ ‘ಮುಘಲ್-ಎ-ಆಜಮ್’ ನೋಡಿದ್ದಳು. ಅಷ್ಟೆ. ಆದರೆ ಆ ಒಂದು ಸಿನಿಮಾವನ್ನು ಅವಳು ಜೀವಮಾನವಿಡೀ ನೋಡುತ್ತಲೇ ಇದ್ದಳು. 1960ರ ಆ ಚಿತ್ರದ ಹೆಚ್ಚಿನ ಭಾಗ ಕಪ್ಪು ಬಿಳುಪು. ಅನಾರ್ಕಲಿ ಕನ್ನಡಿಯ ಮಹಲಿನಲ್ಲಿ ಕುಣಿಯುವಾಗ ಒಮ್ಮೆಲೇ ಬಣ್ಣ ಬರುತ್ತದೆ. ‘ಟೆಂಟಿನಲ್ಲಿದ್ದ ಹೆಂಗಸರೆಲ್ಲ ಒಂದೇ ಸಲ ಉಸಿರು ಎಳೆದುಕೊಂಡರು’ ಎಂದು ಅಮ್ಮಿ ಹೇಳುತ್ತಿದ್ದಳು. 2004ರ ನವೆಂಬರಿನಲ್ಲಿ ಆ ಚಿತ್ರಕ್ಕೆಲ್ಲ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಮುಂದೆ ಅದು ಟಿ.ವಿ.ಯಲ್ಲೂ ಬಂತು. ಅಮ್ಮಿ ಹತ್ತು ನಿಮಿಷ ನೋಡಿ ಎದ್ದುಬಿಟ್ಟಳು. ‘ಮೊದಲಿನಿಂದಲೂ ಬಣ್ಣ ಇದ್ದರೆ ಆ ಹುಡುಗಿ ಕುಣಿಯುವಾಗ ಏನು ಉಳಿಯುತ್ತೆ?’ ಬಣ್ಣದ ಆವೃತ್ತಿಯ ಬಗ್ಗೆ ಆಮೇಲೆ ಪತ್ರಿಕೆಗಳಲ್ಲಿ ಓದಿದ ಯಾವ ವಿಮರ್ಶೆಯೂ ನನಗೆ ಇಷ್ಟು ಸರಿಯೆನಿಸಲಿಲ್ಲ.

ಅಮ್ಮಿಗೆ ಓದು ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಕುರ್‌ಆನ್ ಓದುತ್ತಿದ್ದಳು. ಅರಬ್ಬಿ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ, ಅರ್ಥ ತಿಳಿಯದಿದ್ದರೂ ಒಂದು ಸ್ವರ ತಪ್ಪದಂತೆ. ಉರ್ದುವಿಗೂ ಹೆಚ್ಚುಕಡಿಮೆ ಅದೇ ಅಕ್ಷರವಾದರೂ ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕನ್ನಡದ ಮಾತಂತೂ ಬೇಡವೇ ಬೇಡ. ಹೀಗಾಗಿ ಅವಳಿಗೆ ಓದಿ ಹೇಳುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ರೇಷನ್ ಕಾರ್ಡು, ಲೈಟ್ ಬಿಲ್ಲು, ಮದುವೆಯ ರುಖಾ. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತವಳಾದ್ದರಿಂದ, ವರ್ಷಕ್ಕೆ ಎರಡೋ ಮೂರೋ ಬರುತ್ತಿದ್ದ ಕರಾಚಿಯ ಕಾಗದವನ್ನು ಓದುವ ಕೆಲಸವೂ ನನಗೇ ಬಂದಿತ್ತು. ಅಮ್ಮಿಯ ಅಕ್ಕ, ನನ್ನ ಖಾಲಾ, ಅಲ್ಲಿಗೆ ಮದುವೆಯಾಗಿ ಹೋಗಿದ್ದಳು. ಇಂಥವಳಿಗೆ ತೆರೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ, ನಮ್ಮ ಮನೆಯ ದಖನಿಯಲ್ಲಿ ಹೇಳುವುದು ಹೊಸ ಕೆಲಸವೇನೂ ಆಗಿರಲಿಲ್ಲ. ನನ್ನ ಇಂಗ್ಲಿಷು ಕನ್ನಡ ಹೈಸ್ಕೂಲಿನ ಇಂಗ್ಲಿಷು. ಅರ್ಥವಾಗದ ಕಡೆ ಊಹಿಸಿ ಹೇಳುತ್ತಿದ್ದೆ. ಕಥೆ ಬರೆಯುವವಳಿಗೆ ಊಹೆ ಕಷ್ಟವೆ?

ಮೊದಲು ಹಾಕಿದ್ದು ‘ಬೈಸಿಕಲ್ ಥೀವ್ಸ್’. ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ತೆಗೆದದ್ದು. ಯುದ್ಧ ಮುಗಿದ ರೋಮ್ ನಗರದಲ್ಲಿ ಅಂತೋನಿಯೋ ಎಂಬ ಬಡವನಿಗೆ ಗೋಡೆಗಳ ಮೇಲೆ ಪೋಸ್ಟರ್ ಹಚ್ಚುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಕೆಲಸ. ಅವನ ಸೈಕಲ್ಲೋ ಅಡವಿನಲ್ಲಿದೆ. ಹೆಂಡತಿ ಮಾರಿಯಾ ಒಂದು ಮಾತೂ ಹೆಚ್ಚು ಆಡದೆ ಹಾಸಿಗೆಯ ಮೇಲಿನ ಬಟ್ಟೆಗಳನ್ನೆಲ್ಲ ಎಳೆದು ತೆಗೆದು, ಒಗೆದು, ಅವನ್ನು ಅಡವಿಟ್ಟು ಸೈಕಲ್ ಬಿಡಿಸುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತುಕೊಂಡು ಕಪಾಟಿನ ಮೇಲೆ ಹತ್ತುತ್ತಾನೆ. ಹತ್ತುತ್ತಲೇ ಹೋಗುತ್ತಾನೆ. ಸೂರಿನವರೆಗೆ ಗಂಟುಗಳು, ಊರಿನ ಎಲ್ಲ ಮನೆಗಳ ಹಾಸಿಗೆ ಬಟ್ಟೆ. ಅಮ್ಮಿ ಅಲ್ಲಿ ನನ್ನ ಕೈ ಹಿಡಿದು ನಿಲ್ಲಿಸಲು ಹೇಳಿದಳು. ಎದ್ದು ಹೋಗಿ ನೀರು ಕುಡಿದು ಬಂದಳು. ನಮ್ಮ ಹಂಡೆ, ಎರಡು ತಾಮ್ರದ ಕೊಡ, ಅವಳ ಬೆಳ್ಳಿಯ ಕಾಲುಗೆಜ್ಜೆ ಪೇಟೆಯ ಅಂಗಡಿಯೊಂದರ ಅಟ್ಟದ ಮೇಲೆ ಹೋಗಿ ಕೂತದ್ದು, ಅಬ್ಬಾನ ಹೊಲಿಗೆ ಯಂತ್ರಕ್ಕಾಗಿ. ಯಂತ್ರ ಬಂತು, ಹಂಡೆ ಬರಲಿಲ್ಲ. ಅದನ್ನೇನೂ ಅವಳು ಆಗ ಹೇಳಲಿಲ್ಲ. ‘ಆ ಹೆಂಗಸು ಜಾಣೆ’ ಎಂದಳು, ಅಷ್ಟೆ.

ಸೈಕಲ್ ಮೊದಲ ದಿನವೇ ಕಳುವಾಗುತ್ತದೆ. ತಂದೆ ಮಗ ಊರೆಲ್ಲ ಹುಡುಕುತ್ತಾರೆ. ಅಂತೋನಿಯೋ ಆಗಿ ನಟಿಸಿದ ಲ್ಯಾಂಬೆರ್ಟೋ ಮಜೊರಾನಿ ನಿಜಕ್ಕೂ ಕಾರ್ಖಾನೆಯ ಕೆಲಸಗಾರ. ಸಿನಿಮಾ ಮುಗಿಸಿ ವಾಪಸು ಹೋದಮೇಲೆ ಅವನ ಕೆಲಸವೂ ಹೋಯಿತಂತೆ. ಚಿತ್ರದಲ್ಲಿ ಅವನ ನಡಿಗೆ ನೋಡಿದರೆ ಇದು ಕಲಿತು ಬರುವ ನಡಿಗೆಯಲ್ಲ ಎಂದು ಗೊತ್ತಾಗುತ್ತದೆ. ಕೊನೆಗೆ ಅವನೇ ಒಂದು ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರೇ ಜನರ ಕೈಗೆ ಸಿಕ್ಕಿಬೀಳುತ್ತಾನೆ. ಸೈಕಲ್ಲಿನ ಒಡೆಯ ಹುಡುಗನ ಮುಖ ನೋಡಿ ಬಿಟ್ಟುಬಿಡುತ್ತಾನೆ. ತಂದೆ ಅಳುತ್ತ ನಡೆಯುತ್ತಾನೆ, ಮಗ ಅವನ ಕೈ ಹಿಡಿದುಕೊಳ್ಳುತ್ತಾನೆ. ಮಾತಿಲ್ಲ. ಜನರ ನಡುವೆ ಇಬ್ಬರೂ ಮರೆಯಾಗುತ್ತಾರೆ.

‘ಸೈಕಲ್ ಮಿಲೀ ಕ್ಯಾ ನೈ?’ ಎಂದು ಅಮ್ಮಿ ಕೇಳಿದಳು. ಸಿಕ್ಕಿತೋ ಇಲ್ಲವೋ.

ನಾನು ಸಿಕ್ಕಿತು ಎಂದೆ. ಪೊಲೀಸಿನವರು ಹುಡುಕಿಕೊಟ್ಟರು, ನಾಳೆ ಬಂದು ತೆಗೆದುಕೊಂಡು ಹೋಗು ಅಂದರು, ಎಂದು ಓದಿ ಹೇಳಿದೆ. ಯಾಕೆ ಹೇಳಿದೆನೋ. ರಾತ್ರಿ ಹನ್ನೊಂದಾಗಿತ್ತು, ಅವಳು ಮಲಗಬೇಕಾಗಿತ್ತು ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮ್ಮಿ ‘ಅಲ್‌ಹಮ್ದುಲಿಲ್ಲಾಹ್’ ಎಂದು ಚಾಪೆ ಸುತ್ತಿಟ್ಟಳು.

ಆ ವರ್ಷ ನಾವು ನೋಡಿದವುಗಳಲ್ಲಿ ಇರಾನಿನ ಚಿತ್ರಗಳೇ ಹೆಚ್ಚು. ಅದಕ್ಕೆ ಕಾರಣ ಅಮ್ಮಿಯೇ. ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997) ಹಾಕಿದ ದಿನ, ಅದರ ಫಾರ್ಸಿ ಹೆಸರು ‘ಬಚ್ಚೆಹಾಯೆ ಆಸ್ಮಾನ್’ ಎಂದು ಓದಿದೆ. ಅಮ್ಮಿ ಚಕ್ಕನೆ ತಿರುಗಿ ನೋಡಿದಳು. ‘ಬಚ್ಚೆ, ಆಸ್ಮಾನ್. ಇದು ನಮ್ಮ ಮಾತೇ ಅಲ್ಲವಾ? ನೀನು ಇಂಗ್ಲಿಷಿನಲ್ಲಿ ಯಾಕೆ ಓದುತ್ತಿದ್ದೀ?’ ಆಮೇಲೆ ಒಂದು ಆಟವೇ ಶುರುವಾಯಿತು. ನಾನು ತೆರೆಯ ಕೆಳಗೆ ಓದುತ್ತಿದ್ದೆ, ಅವಳು ಕಿವಿಗೊಟ್ಟು ತನ್ನ ಶಬ್ದಗಳನ್ನು ಹೆಕ್ಕುತ್ತಿದ್ದಳು. ದಸ್ತ್ ಅಂದ, ಕೈ. ಖಾನಾ ಅಂದ, ಮನೆ. ಅನ್ನ ಆರಿಸುವಾಗ ಕಲ್ಲು ಸಿಕ್ಕಿದಷ್ಟು ಖಚಿತವಾಗಿ ಹೇಳುತ್ತಿದ್ದಳು. ಬೇರೆ ದೇಶದ ಜನ ನಮ್ಮ ಮನೆಯ ಶಬ್ದ ಬಳಸುತ್ತಾರೆ ಎಂಬುದು ಅವಳಿಗೆ ಎಷ್ಟು ಖುಷಿ ಕೊಟ್ಟಿತೆಂದರೆ, ಮರುದಿನ ಪಕ್ಕದ ಮನೆಯ ಚಾಚಿಗೆ ತನಗೆ ಫಾರ್ಸಿ ಬರುತ್ತದೆ ಎಂದು ಹೇಳಿಯೇಬಿಟ್ಟಳು.

ಆ ಚಿತ್ರದ ಕಥೆ ಓದುಗರಿಗೆ ಗೊತ್ತಿರಬಹುದು. ಟೆಹರಾನಿನ ಬಡ ಕೇರಿಯ ಅಲಿ, ರಿಪೇರಿ ಮಾಡಿಸಿ ತರುತ್ತಿದ್ದ ತಂಗಿ ಜಹ್ರಾಳ ಚಪ್ಪಲಿಯನ್ನು ತರಕಾರಿ ಅಂಗಡಿಯಲ್ಲಿ ಕಳೆದುಕೊಳ್ಳುತ್ತಾನೆ. ಅಪ್ಪನಲ್ಲಿ ಹೊಸದಕ್ಕೆ ಹಣವಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಅಲಿಯ ಕ್ಯಾನ್‌ವಾಸ್ ಬೂಟನ್ನೇ ಬೆಳಗಿನ ಶಾಲೆಗೆ ತಂಗಿ, ಮಧ್ಯಾಹ್ನದ ಶಾಲೆಗೆ ಅಣ್ಣ ಹಾಕಿಕೊಳ್ಳುತ್ತಾರೆ. ಗಲ್ಲಿಯ ಮೂಲೆಯಲ್ಲಿ ನಿಂತು ಬದಲಾಯಿಸಿಕೊಳ್ಳುತ್ತಾರೆ. ಓಟದ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಒಂದು ಜೊತೆ ಬೂಟು ಎಂದು ಅಲಿ ಮೂರನೆಯವನಾಗಲು ಓಡುತ್ತಾನೆ, ಮೊದಲನೆಯವನಾಗಿಬಿಡುತ್ತಾನೆ. ಮೊದಲ ಬಹುಮಾನ ಪಡೆದು ಅಳುವ ಹುಡುಗನನ್ನು ನಾನು ಬೇರೆ ಯಾವ ಚಿತ್ರದಲ್ಲೂ ನೋಡಿಲ್ಲ. ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿಗೆ ಹೋದ ಮೊದಲ ಇರಾನಿ ಚಿತ್ರ ಇದು. ಬಹುಮಾನ ಇದಕ್ಕೆ ಬರಲಿಲ್ಲ. ಬಾರದ್ದೇ ಅಲಿಗೆ ತಕ್ಕದ್ದು ಎನಿಸುತ್ತದೆ ನನಗೆ.

ಆದರೆ ಅಮ್ಮಿ ನೆನಪಿಟ್ಟುಕೊಂಡದ್ದು ಓಟವನ್ನಲ್ಲ. ಅಲಿಯ ತಂದೆ ಮನೆಯಲ್ಲಿ ಕೂತು ಮಸೀದಿಗೆಂದು ಬಂದ ಸಕ್ಕರೆ ಗಟ್ಟಿಗಳನ್ನು ಒಡೆಯುತ್ತಿರುತ್ತಾನೆ. ಜಹ್ರಾ ಚಹಾ ತಂದುಕೊಡುತ್ತಾಳೆ, ಅವನು ಸಕ್ಕರೆ ಕೇಳುತ್ತಾನೆ. ಮುಂದೆ ಗುಡ್ಡೆಯಷ್ಟು ಸಕ್ಕರೆ ಇದೆಯಲ್ಲ ಎನ್ನುತ್ತಾಳೆ ಹುಡುಗಿ. ಇದು ಮಸೀದಿಯದು, ನಮ್ಮದಲ್ಲ ಎನ್ನುತ್ತಾನೆ ತಂದೆ. ನಾನಿನ್ನೂ ಆ ಸಾಲು ಓದಿ ಮುಗಿಸಿರಲಿಲ್ಲ, ಅಮ್ಮಿ ‘ಅಮಾನತ್’ ಎಂದಳು. ಮುಸ್ಲಿಮರ ಮನೆಯನ್ನು ತೋರಿಸುವ ನಮ್ಮ ಸಿನಿಮಾಗಳಲ್ಲಿ ಅತ್ತರು, ಖವಾಲಿ, ಬಿರಿಯಾನಿ, ಇಲ್ಲವೇ ಬಂದೂಕು ಇರುತ್ತವೆ. ಒಬ್ಬ ಬಡವ ಸಕ್ಕರೆಯ ಗುಡ್ಡೆಯ ಮುಂದೆ ಕೂತು ಸಪ್ಪೆ ಚಹಾ ಕುಡಿಯುವುದನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು. ನಮ್ಮ ಕೇರಿಯಲ್ಲಿ ಅಂಥವರು ಇರಲಿಲ್ಲವೆಂದಲ್ಲ.

ಅಬ್ಬಾಸ್ ಕಿಯರೋಸ್ತಮಿಯ ‘ಗೆಳೆಯನ ಮನೆಯೆಲ್ಲಿ?’ (1987) ಚಿತ್ರದಲ್ಲಿ ಒಬ್ಬ ಹುಡುಗ ತಪ್ಪಿ ತನ್ನ ಚೀಲಕ್ಕೆ ಬಂದ ಗೆಳೆಯನ ಪಟ್ಟಿ ಪುಸ್ತಕ ಹಿಂದಿರುಗಿಸಲು ಬೆಟ್ಟದ ಆಚೆಯ ಊರಿಗೆ ಓಡುತ್ತಾನೆ. ಇಷ್ಟೇ ಕಥೆ. ಬೆಟ್ಟದ ಮೇಲಿನ ಆ ಅಂಕುಡೊಂಕು ದಾರಿಯನ್ನು ಕಿಯರೋಸ್ತಮಿ ಸಿನಿಮಾಕ್ಕೆಂದೇ ಮಾಡಿಸಿದ್ದಂತೆ. ಅಮ್ಮಿಗೆ ಚಿತ್ರ ಹಿಡಿಸಲಿಲ್ಲ. ‘ದೊಡ್ಡವರು ಒಬ್ಬರಾದರೂ ಆ ಹುಡುಗನ ಮಾತು ಪೂರ್ತಿ ಕೇಳಬಾರದಾ’ ಎಂದು ಸಿಟ್ಟು ಮಾಡಿಕೊಂಡಳು. ಮರುದಿನ ಶಾಲೆಯಲ್ಲಿ ಹೋಂವರ್ಕ್ ತರದ ಹುಡುಗನೊಬ್ಬನನ್ನು ಗದರಿಸಲು ಬಾಯಿ ತೆರೆದವಳು ಸುಮ್ಮನಾದೆ. ಒಂದು ವಾರ ಮಾತ್ರ, ಆಮೇಲೆ ಎಂದಿನಂತೆ.

ಜಪಾನಿನ ಓಜು ಅವರ ‘ಟೋಕಿಯೋ ಸ್ಟೋರಿ’ (1953) ನೋಡುವಾಗ ಅಮ್ಮಿ ಅರ್ಧಕ್ಕೆ ನಿದ್ದೆ ಹೋದಳು ಎಂದುಕೊಂಡಿದ್ದೆ. ದೂರದ ಊರಿನಿಂದ ಮುದುಕ ತಂದೆ ತಾಯಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೋ ಮಾತ್ರ ರಜೆ ಹಾಕಿ ಊರು ತೋರಿಸುತ್ತಾಳೆ. ಓಜುವಿನ ಕ್ಯಾಮರಾ ಚಾಪೆಯ ಮೇಲೆ ಕೂತವರ ಕಣ್ಣಿನ ಎತ್ತರದಲ್ಲೇ ಇರುತ್ತದೆ ಎಂದು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ನಾವು ಚಾಪೆಯ ಮೇಲೆ ಕೂತೇ ನೋಡುತ್ತಿದ್ದುದರಿಂದ ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ತಾಯಿ ಸತ್ತು ಇನ್ನೂ ಊಟ ಮುಗಿದಿಲ್ಲ, ಮಗಳು ಅಮ್ಮನ ಯಾವ ಬಟ್ಟೆ ತನಗೆ ಬೇಕು ಎಂದು ಕೇಳುತ್ತಾಳೆ. ನಿದ್ದೆ ಹೋಗಿದ್ದಾಳೆಂದು ತಿಳಿದಿದ್ದ ಅಮ್ಮಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: ‘ನನ್ನ ಬನಾರಸಿ ಸೀರೆ ನೀನೇ ಇಟ್ಟುಕೋ ಬೇಟಿ. ಕೇಳುವ ಕಷ್ಟ ಬೇಡ.’

ನನ್ನನ್ನು ಅಲ್ಲಾಡಿಸಿದ ಚಿತ್ರವೊಂದು ಬಂದದ್ದು ಬಹಳ ತಡವಾಗಿ. ಹೈಫಾ ಅಲ್ ಮನ್ಸೂರ್ 2012ರಲ್ಲಿ ಮಾಡಿದ ‘ವಜ್ದಾ’. ಸೌದಿ ಅರೇಬಿಯಾದೊಳಗೇ ಪೂರ್ತಿ ಚಿತ್ರೀಕರಣವಾದ ಮೊದಲ ಕಥಾಚಿತ್ರ ಅದು, ಮಾಡಿದವಳು ಹೆಂಗಸು. ರಿಯಾದಿನ ಬೀದಿಯಲ್ಲಿ ಗಂಡಸರ ನಡುವೆ ನಿಂತು ಕೆಲಸ ಮಾಡುವಂತಿರಲಿಲ್ಲವಾದ್ದರಿಂದ ವ್ಯಾನಿನೊಳಗೆ ಕೂತು ವಾಕಿ-ಟಾಕಿಯಲ್ಲಿ ನಟರಿಗೆ ಹೇಳುತ್ತಿದ್ದಳಂತೆ. ಆಗ ಆ ದೇಶದಲ್ಲಿ ಸಿನಿಮಾ ಮಂದಿರಗಳೇ ಇರಲಿಲ್ಲ, ತೆರೆದದ್ದು 2018ರಲ್ಲಿ. ಹತ್ತು ವರ್ಷದ ವಜ್ದಾಗೆ ಒಂದು ಹಸಿರು ಸೈಕಲ್ ಬೇಕು. ಹುಡುಗಿಯರು ಸೈಕಲ್ ಹೊಡೆಯಬಾರದು. ಹಣಕ್ಕಾಗಿ ಅವಳು ಶಾಲೆಯ ಕುರ್‌ಆನ್ ಸ್ಪರ್ಧೆಗೆ ಹೆಸರು ಕೊಡುತ್ತಾಳೆ.

ನಾನು ಸೈಕಲ್ ಕಲಿತದ್ದು ಅಬ್ಬಾನ ದೊಡ್ಡ ಸೈಕಲ್ಲಿನಲ್ಲಿ. ಸೀಟಿಗೆ ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ, ಮೈಯೆಲ್ಲ ಒಂದು ಪಕ್ಕಕ್ಕೆ ವಾಲಿಸಿಕೊಂಡು ಈದ್ಗಾ ಮೈದಾನದಲ್ಲಿ ಸುತ್ತು ಹೊಡೆಯುತ್ತಿದ್ದೆ. ಅಬ್ಬಾನೇ ಹಿಂದಿನಿಂದ ಹಿಡಿದು ಓಡಿ ಬರುತ್ತಿದ್ದರು. ಎಂಟನೆಯ ತರಗತಿಗೆ ಕನ್ನಡ ಹೈಸ್ಕೂಲಿಗೆ ಸೇರಿದಾಗ ಶಾಲೆ ಮನೆಯಿಂದ ಮೂರು ಕಿಲೋಮೀಟರ್. ಸೈಕಲ್ ಕೇಳಿದೆ. ಅಷ್ಟರಲ್ಲಿ ನಾನು ದೊಡ್ಡವಳಾಗಿದ್ದೆ. ಅಬ್ಬಾ ಉತ್ತರವನ್ನೇ ಕೊಡಲಿಲ್ಲ. ಒಂದು ವಾರ ಕಳೆದು ಸೈಕಲ್ಲಿನ ಸೀಟನ್ನು ಇನ್ನೂ ಎತ್ತರ ಮಾಡಿಸಿಕೊಂಡು ಬಂದರು. ಮೂರು ವರ್ಷ ನಡೆದೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಬುರ್ಖಾದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಮ್ಮ ಕೇರಿಯ ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಹೋಗುವುದನ್ನು ನೋಡಲೆಂದೇ ನಾನು ಹಲವು ಬೆಳಿಗ್ಗೆ ಬಾಗಿಲಲ್ಲಿ ನಿಂತದ್ದುಂಟು. ಅವರ ಅಪ್ಪಂದಿರು ಯಾರೂ ತಡೆಯಲಿಲ್ಲ. ಸರ್ಕಾರ ಕೊಟ್ಟದ್ದಕ್ಕೆ ಯಾರು ಬೇಡ ಅಂತಾರೆ? ನನ್ನ ಅಬ್ಬಾನೂ ಬೇಡ ಅನ್ನುತ್ತಿರಲಿಲ್ಲವೇನೋ. ಹೀಗೆ ಎನಿಸಿದಾಗ ಸಿಟ್ಟು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

‘ವಜ್ದಾ’ ಚಿತ್ರದ ಒಂದು ದೃಶ್ಯದಲ್ಲಿ ಗೋಡೆಯ ಮೇಲೆ ತಂದೆಯ ವಂಶವೃಕ್ಷವಿದೆ. ಬರೀ ಗಂಡಸರ ಹೆಸರು. ಹುಡುಗಿ ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ತಲೆಯ ಪಿನ್ನಿನಿಂದ ತಂದೆಯ ಕೊಂಬೆಗೆ ಚುಚ್ಚುತ್ತಾಳೆ. ಆಮೇಲೆ ನೋಡಿದರೆ ಚೀಟಿಯನ್ನು ಯಾರೋ ಕಿತ್ತು ಮುದುಡಿ ಹಾಕಿದ್ದಾರೆ. ಅದನ್ನು ಓದಿ ಹೇಳುವುದೇನೂ ಇರಲಿಲ್ಲ. ಸ್ಪರ್ಧೆಯಲ್ಲಿ ವಜ್ದಾ ಆಯತ್‌ಗಳನ್ನು ಓದತೊಡಗಿದಾಗ ಅಮ್ಮಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸಿನಿಮಾ ಎಂದು ಗೊತ್ತು, ಆದರೂ. ಅವಳ ತುಟಿಗಳು ಹುಡುಗಿಯ ಜೊತೆಗೇ ಅಲುಗುತ್ತಿದ್ದವು. ಚಿತ್ರ ಮುಗಿದ ಮೇಲೆ ‘ಅವತ್ತು ನಾನು ನಿನ್ನ ಪರವಾಗಿ ಒಂದು ಮಾತು ಆಡಬಹುದಿತ್ತು’ ಎಂದಳು. ಯಾವತ್ತು ಎಂದು ನಾನು ಕೇಳಲಿಲ್ಲ.

ಕೊನೆಯದಾಗಿ ‘ಗರ್ಮ್ ಹವಾ’. ಇದನ್ನು ಹೊರದೇಶದ ಸಾಲಿಗೆ ಸೇರಿಸುವಂತಿಲ್ಲ, ನಿರ್ದೇಶಿಸಿದ ಎಂ.ಎಸ್. ಸತ್ಯು ನಮ್ಮ ಮೈಸೂರಿನವರು. ಇಸ್ಮತ್ ಚುಗ್ತಾಯಿಯವರ ಅಚ್ಚಾಗದ ಕಥೆಯೊಂದರಿಂದ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಬರೆದದ್ದು. ಗಲಭೆಯಾದೀತೆಂಬ ಭಯದಿಂದ ಅದನ್ನು ತಿಂಗಳುಗಟ್ಟಲೆ ತಡೆಹಿಡಿದಿದ್ದರು. 1974ರಲ್ಲಿ ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಗಲಭೆ ಏನೂ ಆಗಲಿಲ್ಲ. ಹಳೆಯ ಪ್ರತಿಯನ್ನು ಸರಿಪಡಿಸಿ 2014ರ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ನಾವು ಅದನ್ನು ಮರುವರ್ಷ ಬೇಸಿಗೆ ರಜೆಯ ಒಂದು ಮಧ್ಯಾಹ್ನ ನೋಡಿದೆವು. ಅದನ್ನು ಅಮ್ಮಿಗೆ ತೋರಿಸಲು ನಾನು ವರ್ಷಗಟ್ಟಲೆ ಹಿಂದೆಮುಂದೆ ನೋಡಿದ್ದೆ. ಅದರಲ್ಲಿ ಓದಿ ಹೇಳಬೇಕಾದದ್ದು ಏನೂ ಇರಲಿಲ್ಲ, ಅದಕ್ಕೇ.

ದೇಶ ಒಡೆದ ಮೇಲಿನ ಆಗ್ರಾ. ಬೂಟಿನ ಕಾರ್ಖಾನೆ ಇಟ್ಟುಕೊಂಡಿರುವ ಸಲೀಂ ಮಿರ್ಜಾ ಒಬ್ಬೊಬ್ಬರೇ ನೆಂಟರನ್ನು ರೈಲು ಹತ್ತಿಸಿ ಬರುತ್ತಾನೆ. ತಾನು ಹೋಗುವುದಿಲ್ಲ ಎನ್ನುತ್ತಾನೆ. ನಾಳೆ ಓಡಿಹೋಗುವವನಿಗೆ ಸಾಲ ಕೊಡುವುದು ಹೇಗೆ ಎಂದು ಬ್ಯಾಂಕಿನವರು ಹಿಂಜರಿಯುತ್ತಾರೆ, ಹೆಸರು ಕೇಳಿದ ಮೇಲೆ ಬಾಡಿಗೆ ಮನೆ ಸಿಗುವುದಿಲ್ಲ. (ಆ ಭಾಗ ನೋಡುವಾಗ ಇಬ್ಬರಿಗೂ ನನ್ನ ತಮ್ಮನ ನೆನಪಾಯಿತು. ನಗರದಲ್ಲಿ ಅವನು ಫೋನ್ ಮಾಡಿದಾಗ ಖಾಲಿ ಇದ್ದ ಮನೆಗಳು ಹೆಸರು ಹೇಳಿದೊಡನೆ ತುಂಬಿಹೋಗುತ್ತಿದ್ದವು.) ಬಲರಾಜ್ ಸಾಹ್ನಿ ಸಲೀಂ ಮಿರ್ಜಾ ಆಗಿ ನಟಿಸುವುದೇ ಇಲ್ಲ, ಸುಮ್ಮನೆ ಅದನ್ನೆಲ್ಲ ಹೊತ್ತು ನಡೆಯುತ್ತಾರೆ. ಈ ಚಿತ್ರಕ್ಕೆ ತಮ್ಮ ಧ್ವನಿ ಕೊಟ್ಟು ಮುಗಿಸಿದ ಮರುದಿನವೇ, 1973ರ ಏಪ್ರಿಲ್‌ನಲ್ಲಿ, ತೀರಿಕೊಂಡರು. ತೆರೆಯ ಮೇಲೆ ಅವರು ಅದನ್ನು ನೋಡಲೇ ಇಲ್ಲ.

ಹವೇಲಿ ಇರುವುದು ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಿನಲ್ಲಿ. ಆದ್ದರಿಂದ ಅದು ಕೈತಪ್ಪುತ್ತದೆ. ಮನೆ ಬಿಡುವ ದಿನ ಮುದುಕಿ ತಾಯಿ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಅವಳನ್ನು ಎತ್ತಿಕೊಂಡು ಹೋಗಬೇಕಾಗುತ್ತದೆ. ಸಾಯುವ ಹೊತ್ತಿಗೆ ಅವಳ ಆಸೆಯಂತೆ ಪಲ್ಲಕ್ಕಿಯಲ್ಲಿ ಹವೇಲಿಗೆ ತರುತ್ತಾರೆ. ಮದುಮಗಳಾಗಿ ಬಂದ ದಿನದ ಸದ್ದುಗಳು ಅವಳ ಕಿವಿಯಲ್ಲಿ. ಆ ಪಾತ್ರ ಮಾಡಿದ ಬದರ್ ಬೇಗಂ ಹೆಸರಾದ ನಟಿಯೇನಲ್ಲ. ಹುಡುಗಿಯಾಗಿದ್ದಾಗ ಸಿನಿಮಾಕ್ಕೆಂದು ಮುಂಬಯಿಗೆ ಓಡಿಹೋಗಿ, ಏನೂ ಆಗದೆ ಆಗ್ರಾಕ್ಕೆ ಮರಳಿದವರು. ಮುಪ್ಪಿನಲ್ಲಿ ಸಿನಿಮಾ ಅವರ ಬಾಗಿಲಿಗೇ ಬಂತು. ಮುಖ ಅವರದು, ಧ್ವನಿ ಮಾತ್ರ ದೀನಾ ಪಾಠಕ್ ಅವರದು. ಹೆಂಗಸರ ಮಾತನ್ನು ಇನ್ನೊಬ್ಬರು ಆಡಬೇಕಾಗುವುದು ಸಿನಿಮಾದಲ್ಲಿ ಮಾತ್ರವೇನಲ್ಲ ಎಂದು ಇದನ್ನು ಓದಿದಾಗ ನನಗೆ ಅನಿಸಿತ್ತು. ಯಾಕೆ ಹಾಗೆ ಅನಿಸಿತೆಂಬುದು ಆ ಮಧ್ಯಾಹ್ನ ಗೊತ್ತಾಯಿತು.

ಅಮ್ಮಿ ಚಿತ್ರವಿಡೀ ಮಾತಾಡಲಿಲ್ಲ. ಅಮೀನಾ ಸಾಯುವಾಗಲೂ. ಮುಗಿದ ಮೇಲೆ ‘ಆಪಾನನ್ನು ರೈಲು ಹತ್ತಿಸಿದ್ದು ನನಗೆ ಹನ್ನೊಂದು ವರ್ಷ ಇದ್ದಾಗ’ ಎಂದಳು. ‘ಕಿಟಕಿಯಿಂದ ಕೈ ಹೊರಗೆ ಹಾಕಿದ್ದಳು. ಬಳೆ ಕಿಟಕಿಗೆ ಬಡಿದು ಒಂದು ಒಡೆಯಿತು.’ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಬಿಸ್ಕತ್ತಿನ ಡಬ್ಬಿ ತಂದಳು. ಕರಾಚಿಯ ಕಾಗದಗಳು. ಖಾಲಾ 1993ರಲ್ಲಿ ತೀರಿಕೊಂಡ ಮೇಲೆ ಆ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ.

‘ಸಬ್ ಪಡ್. ಕುಚ್ ಛೋಡ್ ನಕ್ಕೊ’ ಎಂದಳು. ಎಲ್ಲ ಓದು, ಏನೂ ಬಿಡಬೇಡ.

ನನಗೆ ಬೆವರು ಬಂತು. ಯಾವ ಕಾಗದ ಎಂದು ನನಗೆ ಗೊತ್ತಿತ್ತು. ನಾನು ಆಗ ಆರನೆಯ ತರಗತಿ. ಅಬ್ಬಾ ಮೊದಲೇ ಓದಿ, ಎರಡು ಸಾಲುಗಳ ಮೇಲೆ ಬೆರಳಿಟ್ಟು, ಇವನ್ನು ಓದಬೇಡ, ಸುಮ್ಮನೆ ಅಳುತ್ತಾಳೆ ಎಂದಿದ್ದರು. ಹುಷಾರಿಲ್ಲ, ಒಂದು ಸಲ ಬಂದು ಹೋಗು, ಇಲ್ಲಿ ನನ್ನವರು ಯಾರೂ ಇಲ್ಲ ಎಂದು ಖಾಲಾ ಬರೆದಿದ್ದಳು. ಪಾಸ್‌ಪೋರ್ಟಿಗೆ, ವೀಸಾಕ್ಕೆ, ದೆಹಲಿಗೆ ಹೋಗಿಬರಲು ಹಣ ಎಲ್ಲಿತ್ತು? ನಾನು ಆ ಸಾಲುಗಳನ್ನು ಹಾರಿಸಿ, ಎಲ್ಲರಿಗೂ ಸಲಾಂ ಎಂಬಲ್ಲಿಗೆ ಹೋಗಿದ್ದೆ.

‘ನಿನಗೆ ಹೇಗೆ ಗೊತ್ತು?’ ಎಂದೆ.

‘ಆಗ ಗೊತ್ತಿರಲಿಲ್ಲ. ಆ ಸೈಕಲ್ಲಿನವನ ಸಿನಿಮಾ ತೋರಿಸಿದೆಯಲ್ಲ, ಅವತ್ತು ಗೊತ್ತಾಯಿತು. ಕೊನೆಯಲ್ಲಿ ಕೆಳಗೆ ಅಕ್ಷರವೇ ಇರಲಿಲ್ಲ. ನೀನು ಓದಿದೆ.’

ಹನ್ನೊಂದು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ಅಷ್ಟೂ ವರ್ಷ ನಾನು ಓದಿ ಹೇಳಿದ್ದನ್ನೆಲ್ಲ, ಕಣ್ಣು ತೆರೆಯ ಕೆಳಭಾಗದಲ್ಲಿಟ್ಟು, ಕೇಳುತ್ತಿದ್ದಳು.

ಕಾಗದ ತೆಗೆದು ಓದಿದೆ, ಎರಡು ಸಾಲನ್ನೂ ಸೇರಿಸಿ. ಅಮ್ಮಿ ಅಳಲಿಲ್ಲ. ಅವು ಎಲ್ಲಿವೆ, ತೋರಿಸು ಎಂದಳು. ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಕಾಗದವನ್ನು ರಿಹಲ್ ಮೇಲೆ ಇಟ್ಟುಕೊಂಡಂತೆ ಎರಡೂ ಅಂಗೈಯಲ್ಲಿ ಹಿಡಿದು, ಆಮೇಲೆ ಒಂದು ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟಳು. ಅಲಿಫ್ ಎಂದಳು. ಜೇರ್ ಜಬರ್ ಇಲ್ಲದ ಬರಹ, ಅಭ್ಯಾಸವಿಲ್ಲದ ಕೈಬರಹ. ಒಂದೊಂದೇ ಅಕ್ಷರ ಕೂಡಿಸುತ್ತ ಹೋದಳು. ಅರಬ್ಬಿಯಲ್ಲಿ ಇಲ್ಲದ ಅಕ್ಷರ ಬಂದಾಗ ಮಾತ್ರ ನಿಂತು ನನ್ನ ಕಡೆ ನೋಡುತ್ತಿದ್ದಳು. ನಾನು ಆ ಒಂದು ಅಕ್ಷರವನ್ನಷ್ಟೇ ಹೇಳಿಕೊಡುತ್ತಿದ್ದೆ. ಎರಡನೆಯ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಸರ್ ಅಜಾನ್ ಆಯಿತು.